ನಗೆಯ ನಕಾಶೆ ಬರೆಯುವವರು ಯಾರು?

ಮೊನ್ನೆಯ ಮಾತು. ನಮ್ಮ ಪೇಟೆಯ ಬಸ್ ನಿಲ್ದಾಣದ ಮಗ್ಗುಲಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆವು. ಜೊತೆಯಲ್ಲಿದ್ದ ಸ್ನೇಹಿತರೊಬ್ಬರು ತಮ್ಮ ಮೊಬೈಲನ್ನು ನಮ್ಮ ಕಡೆಗೆ ಹಿಡಿದು, "ಮೇಷ್ಟ್ರೇ, ಇದನ್ನಷ್ಟು ನೋಡಿ" ಎಂದರು. ನೋಡಿದರೆ ಭಾರತದ ನಕಾಶೆ. ರಾಜ್ಯಗಳ ಹೆಸರು ಇರಬೇಕಾದಲ್ಲಿ ಒಂದೊಂದು ಅಡ್ಡಹೆಸರು. ನೆತ್ತಿಯ ಮೇಲೆ ತಲೆಬರಹ: ಬೆಂಗಳೂರಿನವನು ಕಂಡ ಭಾರತ. ಪಂಜಾಬದ ಮೇಲೆ ಲಸ್ಸಿ, ರಾಜಸ್ಥಾನದ ಮೇಲೆ ಒಂಟೆ, ಗುಜರಾತಿನ ಮೇಲೆ ದುಡ್ಡು, ಕೇರಳದ ಮೇಲೆ ನರ್ಸು, ಬಿಹಾರದ ಮೇಲೆ ಕೂಲಿ. ಈಶಾನ್ಯದ ಎಂಟು ರಾಜ್ಯಗಳನ್ನು ಒಂದೇ ಗಂಟು ಕಟ್ಟಿ ಅದರ ಮೇಲೆ ಮೊಮೊ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಸುಳ್ಳೇಕೆ ಹೇಳಬೇಕು, ನಾವೂ ನಕ್ಕೆವು.

ಅದರ ಹಿಂದೆಯೇ ಇನ್ನೊಂದು ನಕಾಶೆ ಬಂತು. ಈ ಸಲ ಕರ್ನಾಟಕದ್ದು. ಬೆಂಗಳೂರಿನ ಬೀದಿಗಳೆಲ್ಲ ಅದರಲ್ಲಿ ಹೆಸರು ಹೇಳಿಕೊಂಡು ನಿಂತಿವೆ. ರಾಯಚೂರು, ಕಲಬುರಗಿಗಳ ಮೇಲೆ ಬರೇ ಬಿಸಿಲು. ಹುಬ್ಬಳ್ಳಿಯ ಮೇಲೆ ಮಿರ್ಚಿ ಮತ್ತು ಬೈಗುಳ. ಚಾಮರಾಜನಗರದ ಮೇಲೆ ಅಪಶಕುನ. ಕಡೆಗೆ ನಮ್ಮ ಶಿವಮೊಗ್ಗೆಯ ಸೀಮೆಗೆ ಬಂದರೆ, ಮಳೆ, ಜೋಗ, ಶನಿವಾರ ಭಾನುವಾರ ಹೋಗುವ ಜಾಗ! ಅಲ್ಲಿಗೆ ನಮ್ಮ ಮೇಜಿನ ನಗು ನಿಂತಿತು. ಸ್ನೇಹಿತರು ಮೊಬೈಲನ್ನು ಜೇಬಿಗೆ ಸೇರಿಸಿದರು.

ಆಗ ಮೇಜು ಒರೆಸುತ್ತಿದ್ದ ಹುಡುಗ ನಮ್ಮನ್ನು ಕೇಳಿದ: "ಸಾರ್, ಬಿಹಾರ್ ಮೇಲೆ ಏನು ಬರೆದಿದೆ?" ಅವನು ಕನ್ನಡ ಮಾತನಾಡಬಲ್ಲ, ಓದಲಾರ. ನಮ್ಮಲ್ಲಿ ಒಬ್ಬರಿಗೂ ಉತ್ತರ ಹೇಳುವ ಬಾಯಿ ಬರಲಿಲ್ಲ. ಒಬ್ಬರು ಗಡಿಯಾರ ನೋಡಿಕೊಂಡರು, ಇನ್ನೊಬ್ಬರು ಚಹಾದ ಲೋಟದೊಳಗೆ ನೋಡಿದರು. ಬರೆದದ್ದು ಬರೇ ತಮಾಷೆಯಾಗಿದ್ದರೆ ಅವನಿಗೆ ಓದಿ ಹೇಳುವುದಕ್ಕೆ ನಮಗೆ ನಾಚಿಕೆ ಏಕಾಗಬೇಕಿತ್ತು? ಈ ಲೇಖನ ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ.

ಇಂಥ ನಕಾಶೆಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. 1922ರಲ್ಲಿ ಅಮೆರಿಕದ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಜಾನ್ ಮೆಕಚಿಯನ್ ಎಂಬ ವ್ಯಂಗ್ಯಚಿತ್ರಕಾರ, ನ್ಯೂಯಾರ್ಕಿನವನ ಕಣ್ಣಿಗೆ ಅಮೆರಿಕ ದೇಶ ಹೇಗೆ ಕಾಣುತ್ತದೆಂಬುದನ್ನು ನಕಾಶೆಯಾಗಿ ಬರೆದ. 1930ರ ದಶಕದಲ್ಲಿ ಡೇನಿಯಲ್ ವಾಲಿಂಗ್‌ಫರ್ಡ್ ಎಂಬಾತ ಅದೇ ಬಗೆಯ ಇನ್ನೊಂದನ್ನು ಮಾಡಿದ. ಎಲ್ಲಕ್ಕಿಂತ ಹೆಸರಾದದ್ದು 1976ರ ಮಾರ್ಚ್ 29ರ ನ್ಯೂಯಾರ್ಕರ್ ವಾರಪತ್ರಿಕೆಯ ಮುಖಪುಟಕ್ಕೆ ಸಾಲ್ ಸ್ಟೈನ್‌ಬರ್ಗ್ ಬರೆದ ಚಿತ್ರ. ಅದರಲ್ಲಿ ನ್ಯೂಯಾರ್ಕಿನ ಒಂದೆರಡು ಬೀದಿಗಳೇ ಅರ್ಧ ಹಾಳೆಯನ್ನು ನುಂಗಿವೆ. ಹಡ್ಸನ್ ಹೊಳೆಯಾಚೆಗೆ ಇಡೀ ಅಮೆರಿಕ ಒಂದು ಗದ್ದೆಯಷ್ಟಾಗಿ ಕುಗ್ಗಿ, ಅಲ್ಲೊಂದು ಇಲ್ಲೊಂದು ಕಲ್ಲುಬಂಡೆ, ನಾಲ್ಕಾರು ಊರ ಹೆಸರು, ಅದರಾಚೆಗೆ ಕಡಲು, ಕಡಲಾಚೆಗೆ ಗೀರೆಳೆದಂತೆ ಚೀನಾ, ಜಪಾನು, ರಷ್ಯಾ.

ಆ ಚಿತ್ರದಲ್ಲಿ ಗೇಲಿಗೆ ಈಡಾದವರು ಯಾರು? ಹೊಳೆಯಾಚೆಯ ರೈತನಲ್ಲ. ತನ್ನ ಬೀದಿಯೇ ಪ್ರಪಂಚವೆಂದು ತಿಳಿದ ನ್ಯೂಯಾರ್ಕಿನ ಮಹಾಶಯ. ಆ ಪತ್ರಿಕೆಯೂ ಅದೇ ಊರಿನದು. ತನ್ನ ಓದುಗನ ಕಿವಿಯನ್ನು ತಾನೇ ಹಿಂಡಿದ ಹಾಸ್ಯ ಅದು. ಅಂಥ ಹಾಸ್ಯಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಆ ಉಪಾಯವನ್ನು ಕದ್ದು ತಂದ ನಮ್ಮ ಬುದ್ಧಿವಂತರು ಅದರ ಅರ್ಧವನ್ನು ದಾರಿಯಲ್ಲಿಯೇ ಚೆಲ್ಲಿ ಬಂದರು. 'ಬೆಂಗಳೂರಿನವನು ಕಂಡ' ಎಂಬ ತಲೆಬರಹವೇನೋ ಉಳಿದಿದೆ. ಆದರೆ ಕಾಣುವವನ ಕುರುಡನ್ನು ನೋಡಿ ನಗುವವರು ಯಾರೂ ಇಲ್ಲ. ಕಂಡವರ ಮೇಲೆ ಅಂಟಿಸಿದ ಚೀಟಿಯನ್ನು ನೋಡಿ ನಗುತ್ತಾರೆ. ನಗೆಯ ಬಾಣ ಮೇಲಕ್ಕೆ ಹೋಗಬೇಕಾದದ್ದು ಕೆಳಕ್ಕೆ ತಿರುಗಿದೆ.

ಚೀಟಿ ಅಂಟಿಸುವುದು ಅಷ್ಟು ಮುಗ್ಧವಾದ ಕೆಲಸವೇ? ನಮ್ಮ ದೇಶದ ಚರಿತ್ರೆಯನ್ನು ತೆಗೆದು ನೋಡಿ. 1857ರ ತನಕ ಕಂಪೆನಿ ಸರಕಾರದ ಬಂಗಾಳದ ಸೈನ್ಯದಲ್ಲಿ ತುಂಬಿದ್ದವರು ಅವಧ್ ಮತ್ತು ಬಿಹಾರಗಳ ಸಿಪಾಯಿಗಳು. ಅವರ ಎದೆಯ ಬಲದಿಂದಲೇ ಕಂಪೆನಿ ದೇಶಗಳನ್ನು ಗೆದ್ದಿತು. ಅದೇ ಸಿಪಾಯಿಗಳು 1857ರಲ್ಲಿ ಬಂದೂಕನ್ನು ದೊರೆಯ ಕಡೆಗೆ ತಿರುಗಿಸಿದರು. ಅದಾದ ಮೇಲಿನ ದಶಕಗಳಲ್ಲಿ ಬ್ರಿಟಿಷರ ಪುಸ್ತಕಗಳಲ್ಲಿ ಬೇರೆ ಹಣೆಬರಹ ಕಾಣಿಸಿಕೊಂಡಿತು: ಪಂಜಾಬಿನವರು, ಗೂರ್ಖರು, ಪಠಾಣರು ಹುಟ್ಟಿನಿಂದಲೇ ವೀರರು, ಉಳಿದವರು ಯುದ್ಧಕ್ಕೆ ಒದಗದವರು! ಒಂದು ತಲೆಮಾರಿನೊಳಗೆ ಆ ಜನರ ರಕ್ತ ಬದಲಾಗಿತ್ತೇ? ಬದಲಾದದ್ದು ದೊರೆಗಳ ಅಗತ್ಯ. ಅಗತ್ಯ ಬದಲಾದೊಡನೆ ಚೀಟಿಯೂ ಬದಲಾಯಿತು.

1871ರಲ್ಲಿ ಅದೇ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಇಡೀ ಇಡೀ ಕುಲಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಹುಬ್ಬಳ್ಳಿಯಲ್ಲಿ ಅಂಥ ಜನರನ್ನು ಕೂಡಿಹಾಕಿದ ಜಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕಾಯಿದೆ ರದ್ದಾದದ್ದು 1952ರಲ್ಲಿ. ಆದರೆ ಊರಿನಲ್ಲಿ ಕಳವಾದರೆ ಮೊದಲು ಯಾರ ಗುಡಿಸಲಿಗೆ ಪೋಲೀಸಿನವರು ನುಗ್ಗುತ್ತಾರೆಂಬುದನ್ನು ಓದುಗರು ಬಲ್ಲರು. ಕಾಗದದ ಮೇಲಿನ ಚೀಟಿಯನ್ನು ಹರಿಯಲು ಎಂಬತ್ತೊಂದು ವರುಷ ಬೇಕಾಯಿತು. ಮನಸ್ಸಿನ ಮೇಲಿನದು ಇನ್ನೂ ಹರಿದಿಲ್ಲ.

ಈಗ ಬಿಹಾರದ ಮೇಲಿನ ಚೀಟಿಗೆ ಬರೋಣ. ಕೂಲಿ ಎಂದು ಬರೆದಿದ್ದಾರೆ. ಬಿಹಾರದವನು ಕೂಲಿಯಾಗಿಯೇ ತಾಯ ಹೊಟ್ಟೆಯಿಂದ ಬಂದನೇ? 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳ, ಬಿಹಾರಗಳಲ್ಲಿ ಕಾಯಂ ಜಮೀನ್ದಾರಿ ಪದ್ಧತಿಯನ್ನು ಹೂಡಿ, ಉಳುವವನ ನೆತ್ತಿಯ ಮೇಲೆ ಜಮೀನ್ದಾರನನ್ನು ಕೂಡಿಸಿದ. 1834ರಿಂದ ಆ ಸೀಮೆಯ ಬಡವರನ್ನು ಕರಾರು ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ತುಂಬಿ ಕಳಿಸಿದರು. ಅದು ಪರದೇಶದ ದೊರೆಗಳು ಮಾಡಿದ ಕೆಲಸ.

ಸ್ವತಂತ್ರ ಭಾರತದ ದೊರೆಗಳು ಮಾಡಿದ್ದೇನು? 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ರೈಲು ಸಾಗಾಣಿಕೆಯ ದರವನ್ನು ಸಮ ಮಾಡುವ ನೀತಿಯೊಂದು ಜಾರಿಯಲ್ಲಿತ್ತು. ಆಗ ಬಿಹಾರಕ್ಕೇ ಸೇರಿದ್ದ ಈಗಿನ ಝಾರ್ಖಂಡದ ಗಣಿಗಳ ಕಲ್ಲಿದ್ದಲು, ಅಲ್ಲಿನ ಉಕ್ಕು ಮುಂಬಯಿಯ ಕಾರಖಾನೆಗೂ ಗಣಿಯ ಬಾಗಿಲಿನ ಕಾರಖಾನೆಗೂ ಹೆಚ್ಚುಕಡಮೆ ಒಂದೇ ಬೆಲೆಗೆ ದೊರಕತೊಡಗಿತು. ಹೀಗಿರುವಾಗ ಯಾವ ಬಂಡವಾಳಗಾರ ಪಾಟ್ನಾದಲ್ಲಿ ಕಾರಖಾನೆ ಹೂಡಿಯಾನು? ಬಂದರಿನ ಪಕ್ಕದಲ್ಲಿಯೇ ಹೂಡಿದ. ನೆಲದೊಳಗಿನ ಸಂಪತ್ತು ಪಡುವಣ ಕಡಲಿನ ಕಡೆಗೆ ಹೋಯಿತು. ಅದರ ಹಿಂದೆಯೇ ಆ ನೆಲದ ಮಕ್ಕಳೂ ರೈಲು ಹತ್ತಿದರು. ಬಿಹಾರದ ಒಳಗಿನ ಜಾತಿಯ ದಬ್ಬಾಳಿಕೆ, ಅಲ್ಲಿನ ಆಳುವವರ ಲೂಟಿ ಇವೂ ಸೇರಿ ಆ ಗಾಯವನ್ನು ಕೀವುಗಟ್ಟಿಸಿದವು ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ನಕಾಶೆಯ ಮೇಲೆ ಇವು ಯಾವುವೂ ಇಲ್ಲ. ಇರುವುದು ಕೂಲಿ ಎಂಬ ಎರಡೇ ಅಕ್ಷರ. ಮಾಡಿದವನ ಹೆಸರನ್ನು ಅಳಿಸಿ, ಮಾಡಿಸಿಕೊಂಡವನ ಹಣೆಯ ಮೇಲೆ ಬರೆಯುವುದು, ಇದೇ ಈ ಹಾಸ್ಯದ ಗುಟ್ಟು.

ದೂರದ ಬಿಹಾರವಿರಲಿ, ರಾಯಚೂರಿಗೆ ಬನ್ನಿ. ಬರೇ ಬಿಸಿಲು ಎಂದು ಬರೆದ ಬೆಂಗಳೂರಿನ ಮಹಾಶಯನ ಕೋಣೆಯಲ್ಲಿ ಫ್ಯಾನು ತಿರುಗುತ್ತದಷ್ಟೆ? 1985ರಲ್ಲಿ ಮೊದಲನೆಯ ಘಟಕ ಹೊತ್ತಿಕೊಂಡ ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ 1,720 ಮೆಗಾವಾಟಿನದು. ಅದರ ಬೂದಿ ಬೀಳುವುದು ಅಲ್ಲಿನವರ ಹೊಲದ ಮೇಲೆ, ಬೆಳಕು ಬೀಳುವುದು ಇಲ್ಲಿನವರ ಓದುವ ಮೇಜಿನ ಮೇಲೆ. ನಾಡಿನ ಚಿನ್ನ ಬರುವುದು ಆ ಜಿಲ್ಲೆಯ ಹಟ್ಟಿಯ ಗಣಿಯಿಂದ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಆ ಸೀಮೆಯ ಕನ್ನಡದ ಮಕ್ಕಳು ಉರ್ದುವಿನಲ್ಲಿ ಪಾಠ ಕಲಿಯಬೇಕಾಗಿತ್ತು. 1956ರಲ್ಲಿ ನಾಡು ಒಂದಾಯಿತು. ಆದರೆ ಶಾಲೆ, ಆಸ್ಪತ್ರೆ, ನೀರು ಒಂದೇ ಸಮನಾಗಿ ಹಂಚಿಕೆಯಾಗಲಿಲ್ಲ. 2002ರಲ್ಲಿ ವರದಿ ಒಪ್ಪಿಸಿದ ಡಾ. ನಂಜುಂಡಪ್ಪ ಸಮಿತಿ, ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದು ಲೆಕ್ಕ ಹಾಕಿ ತೋರಿಸಿತು. ಅವುಗಳಲ್ಲಿ ತೀರ ಹಿಂದುಳಿದವು 39; ಆ 39ರಲ್ಲಿ 26 ಉತ್ತರ ಕರ್ನಾಟಕದವು.

ಉಳಿದ 13? ಅವು ದಕ್ಷಿಣದವು! ಅಂದ ಮೇಲೆ ಹಿಂದುಳಿಯುವುದು ಉತ್ತರದವನ ಗುಣವೂ ಅಲ್ಲ, ಮುಂದುವರಿಯುವುದು ದಕ್ಷಿಣದವನ ಹುಟ್ಟುಗುಣವೂ ಅಲ್ಲ. ನಂಜುಂಡಪ್ಪನವರದೂ ಒಂದು ನಕಾಶೆಯೇ. ಅದರಲ್ಲಿ ಯಾರ ಮೇಲೂ ಅಡ್ಡಹೆಸರಿಲ್ಲ. ಯಾರಿಗೆ ಏನು ಬಾಕಿ ಎಂಬ ಲೆಕ್ಕವಿದೆ. ಆ ನಕಾಶೆಯನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿದವರನ್ನು ನಾವಂತೂ ಕಾಣೆವು.

ನಮ್ಮ ಮಲೆನಾಡಿನ ಮಾತನ್ನೂ ಹೇಳಿಬಿಡುತ್ತೇವೆ. ಶನಿವಾರ ಭಾನುವಾರ ಹೋಗುವ ಜಾಗವಂತೆ! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ಕಣಿವೆಯ ಜನ ಮನೆ, ತೋಟ, ದೇವರ ಬನಗಳನ್ನು ನೀರಿಗೆ ಒಪ್ಪಿಸಿ ಲಾರಿ ಹತ್ತಿದರು. ನಾಡಿಗೆ ಬೆಳಕಾಗಲೆಂದು ಕೊಟ್ಟ ಆ ಜನ ತಾವು ಹೋಗಿ ನೆಲಸಿದ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು. ಪ್ರವಾಸಿಗನ ಕಣ್ಣಿಗೆ ಹಿನ್ನೀರು ಚೆಂದ. ಆ ನೀರಿನ ತಳದಲ್ಲಿ ಊರುಗಳಿವೆ ಎಂಬುದು ನಗೆಯ ನಕಾಶೆಯಲ್ಲಿ ಇಲ್ಲ.

1951ರಲ್ಲಿ ನಮ್ಮ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು ಜಗಳ ತೆಗೆದದ್ದು ಯಾವುದಕ್ಕೆ? ಗೇಣಿಯ ಭತ್ತ ಅಳೆಯುವ ಕೊಳಗಕ್ಕೆ. ಕಣದಲ್ಲಿನ ರಾಶಿ ಅಷ್ಟೇ ಇರುತ್ತದೆ. ಒಡೆಯನ ಕೊಳಗ ಹಿಗ್ಗಿದಷ್ಟೂ ಒಕ್ಕಲಿನ ಪಾಲು ಕುಗ್ಗುತ್ತದೆ. ನಕಾಶೆಯೂ ಒಂದು ಕೊಳಗವೇ. ಅಳೆಯುವವನ ಊರು ಅದರಲ್ಲಿ ಯಾವಾಗಲೂ ದೊಡ್ಡದು. ಆದಕಾರಣ, ಅಳತೆ ಸರಿಯೇ ತಪ್ಪೇ ಎಂದು ಕೇಳುವ ಮೊದಲು ಕೊಳಗ ಯಾರ ಕೈಯಲ್ಲಿದೆ ಎಂದು ಕೇಳಬೇಕು.

ಕನ್ನಡಿಗರು ಈ ಚೀಟಿಯ ರುಚಿಯನ್ನು ಉಂಡವರೇ ಆಗಿದ್ದಾರೆ. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿತು. ದಕ್ಷಿಣದವರೆಲ್ಲ ಅವರಿಗೆ ಮದರಾಸಿಗಳು, ಲುಂಗಿಯವರು. ಲುಂಗಿಯವರನ್ನು ಓಡಿಸಿರೆಂಬ ಕೂಗಿಗೆ ನಮ್ಮ ಉಡುಪಿ ಹೋಟೆಲುಗಳು ಕಲ್ಲೇಟು ತಿಂದವು. 1968ರಲ್ಲಿ ಬಂದ ಪಡೋಸನ್ ಎಂಬ ಹಿಂದಿ ಚಿತ್ರದಲ್ಲಿ ನಟ ಮೆಹಮೂದ್ ದಕ್ಷಿಣದ ಸಂಗೀತದ ಮೇಷ್ಟರ ವೇಷ ಹಾಕಿ ನಾಡನ್ನೆಲ್ಲ ನಗಿಸಿದ. ಚಿತ್ರದಿಂದಲೇ ಕಲ್ಲು ಬಿತ್ತೆಂದು ನಾವು ಹೇಳುವುದಿಲ್ಲ. ಕಲ್ಲು ಎಸೆಯುವವನಿಗೆ ತಾನು ಹೊಡೆಯುತ್ತಿರುವುದು ಮನುಷ್ಯನನ್ನಲ್ಲ, ಒಂದು ವೇಷವನ್ನು ಎಂಬ ಸಮಾಧಾನ ಬೇಕಾಗುತ್ತದೆ. ಆ ಸಮಾಧಾನವನ್ನು ನಗು ಒದಗಿಸುತ್ತದೆ.

ಕಲ್ಲೇಟು ತಿಂದ ನಾವು ಕಲಿತೆವೇ? 2012ರ ಆಗಸ್ಟಿನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯದ ಸಾವಿರಾರು ಜನ ಗಂಟುಮೂಟೆ ಹೊತ್ತು ಗುವಾಹಟಿಯ ರೈಲಿಗೆ ಮುಗಿಬಿದ್ದರು. ನಿಮ್ಮನ್ನು ಹೊಡೆಯುತ್ತಾರೆಂಬ ಗಾಳಿಸುದ್ದಿ ಅವರ ಮೊಬೈಲಿಗೆ ಬಂದಿತ್ತು. ಸುದ್ದಿ ಸುಳ್ಳು. ಆದರೆ ಅದನ್ನು ಅವರು ನಂಬಿದ್ದು ಏಕೆ? ದಿನವೂ ಬೀದಿಯಲ್ಲಿ ಅವರ ಕಣ್ಣು, ಮೂಗುಗಳಿಗೆ ಅಡ್ಡಹೆಸರು ಇಟ್ಟು ಕೂಗಿದವರ ನಡುವೆ ಅವರು ಬಾಳುತ್ತಿದ್ದರು. ನಗುವವರು ಒಂದು ದಿನ ಹೊಡೆದಾರೆಂದು ನಂಬುವುದು ಅವರಿಗೆ ಕಷ್ಟವಾಗಲಿಲ್ಲ.

ಇಷ್ಟೆಲ್ಲ ಬರೆಯುವ ನಮ್ಮ ಕೈ ಶುದ್ಧವೇ? ಇಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ರಸ್ತೆಯ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದ ಕುಟುಂಬವೊಂದರ ಹುಡುಗ ನಮ್ಮ ತರಗತಿಗೆ ಸೇರಿದ. ಮೊದಲ ದಿನ ಹಾಜರಿ ಕರೆದಾಗ "ಬಂದೀನ್ರಿ ಸರ" ಎಂದ. ತರಗತಿ ಗೊಳ್ಳೆಂದಿತು. ಅಲ್ಲಿಗೆ ಮುಗಿಯಬೇಕಾದದ್ದನ್ನು ನಾವು ಅವನ ದನಿಯಲ್ಲಿಯೇ "ಬಂದೀನ್ರಿ" ಎಂದು ಅಣಕಿಸಿ ಇನ್ನೊಮ್ಮೆ ನಗಿಸಿದೆವು. ಮಕ್ಕಳ ಮೆಚ್ಚುಗೆ ಗಳಿಸಿದೆವೆಂಬ ಹಿಗ್ಗು ಬೇರೆ. ಮರುದಿನದಿಂದ ಹಾಜರಿ ಕರೆದರೆ ಅವನು ಕೈ ಎತ್ತುತ್ತಿದ್ದ; ಬಾಯಿ ತೆರೆಯುತ್ತಿರಲಿಲ್ಲ. ರಸ್ತೆ ಮುಗಿದು ಅವರ ಗುಡಾರ ಕಿತ್ತ ದಿನದವರೆಗೂ ತರಗತಿಯಲ್ಲಿ ಅವನ ಮಾತು ನಾವು ಕೇಳಲಿಲ್ಲ. ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದೂ ನಮಗೆ ತಿಳಿಯಲಿಲ್ಲ. ಆ ಹುಡುಗನ ಪಾಲಿಗೆ ನಗೆಯ ನಕಾಶೆ ಬರೆದವರು ನಾವೇ.

"ಹಾಗಾದರೆ ಇನ್ನು ನಗಲೇ ಬಾರದೇ? ಹಾಸ್ಯಕ್ಕೂ ಕಾಯಿದೆ ಮಾಡುವಿರಾ?" ಎಂದು ಕೇಳುವವರಿದ್ದಾರೆ. ಕಾಯಿದೆ ನಮಗೆ ಬೇಡ. ಹಾಸ್ಯಕ್ಕೆ ಕಾಯಿದೆ ಮಾಡಿದರೆ ಮೊದಲು ಜೈಲಿಗೆ ಹೋಗುವವರು ದೊರೆಗಳನ್ನು ನಗುವವರೇ ಎಂಬುದನ್ನು ನಾವು ಬಲ್ಲೆವು. ನಮ್ಮ ಹಳ್ಳಿಯ ಮದುವೆಗಳಲ್ಲಿ ಬೀಗರನ್ನು ಜರೆಯುವ ಹಾಡುಗಳಿವೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ಊರನ್ನು, ಊಟವನ್ನು, ಮೂಗನ್ನು ಆಡಿಕೊಳ್ಳುತ್ತಾರೆ. ಆದರೆ ಅಲ್ಲೊಂದು ಧರ್ಮವಿದೆ: ಒಂದು ಕಡೆಯವರು ಹಾಡಿದ ಮೇಲೆ ಇನ್ನೊಂದು ಕಡೆಯವರ ಸರದಿ. ಆಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಸರದಿ ಸಿಕ್ಕದವನ ಮೇಲೆ ಹಾಡುವುದು ಹಾಸ್ಯವಲ್ಲ, ದರ್ಪ.

"ಬರೇ ಮಾತಿನಿಂದ ಏನಾದೀತು?" ಎನ್ನುವವರು ಚಾಮರಾಜನಗರವನ್ನು ನೋಡಲಿ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಮಾತನ್ನು ಯಾರೋ ಹುಟ್ಟಿಸಿದರು. ನಾಡೆಲ್ಲ ನಕ್ಕಿತು. ನಗುವಿನ ನಡುವೆಯೇ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಆ ಊರನ್ನು ತಪ್ಪಿಸಿ ತಿರುಗಿದರು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ಧರಾಮಯ್ಯನವರು ಮತ್ತೆ ಮತ್ತೆ ಅಲ್ಲಿಗೆ ಹೋಗಿ, 2018ರವರೆಗೆ ಐದು ವರ್ಷವನ್ನೂ ಪೂರೈಸಿದರು. ಆದರೂ ನಕಾಶೆಯ ಮೇಲೆ ಅಪಶಕುನ ಎಂಬ ಚೀಟಿ ಹಾಗೆಯೇ ಇದೆ. ಮುಖ್ಯಮಂತ್ರಿ ಬಾರದ ಊರಿನ ಅರ್ಜಿಗಳು ಎಲ್ಲಿಗೆ ಹೋಗಬೇಕಾಗಿತ್ತು ಎಂದು ನಕ್ಕವರಲ್ಲಿ ಎಷ್ಟು ಜನ ಯೋಚಿಸಿದರು?

ಮರುದಿನ ನಾವು ಹಳೆಯ ಶಾಲೆಯ ಭೂಪಟ ಪುಸ್ತಕವನ್ನು ಹಿಡಿದುಕೊಂಡು ಅದೇ ಹೋಟೆಲಿಗೆ ಹೋದೆವು. ಹುಡುಗನನ್ನು ಕರೆದು ಅವನ ಊರು ತೋರಿಸೆಂದೆವು. ಅವನದು ದರ್ಭಂಗಾ ಜಿಲ್ಲೆ. ಮನೆಯ ಮಾತು ಹಿಂದಿಯಲ್ಲ, ಮೈಥಿಲಿ. 2003ರಲ್ಲಿ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಗೆ, ಕನ್ನಡದ ಪಂಕ್ತಿಗೇ ಸೇರಿದ ಭಾಷೆ ಅದು. ಅವರ ಕಡೆಯ ಕೆರೆಗಳಲ್ಲಿ ಮಖಾನಾ ಬೆಳೆಯುತ್ತದೆಂದೂ, ಎದೆಮಟ್ಟದ ನೀರಿನಲ್ಲಿ ಮುಳುಗಿ ಅದರ ಬೀಜವನ್ನು ಹೆಕ್ಕಬೇಕೆಂದೂ, ತಾನೂ ಹೆಕ್ಕಿದ್ದೇನೆಂದೂ ಕೈ ಆಡಿಸಿ ಹೇಳಿದ. ನಿನ್ನೆಯ ನಕಾಶೆಯಲ್ಲಿ ಅವನ ನಾಡಿನ ಮೇಲೆ ಏನು ಬರೆದಿತ್ತೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಅವನು ಸುಮ್ಮನೆ ಕೇಳಿಕೊಂಡ. ಅವನಿಗೂ ಒಂದು ಸರದಿ ಇರಲೆಂದು, "ನಮ್ಮ ಊರಿನ ಮೇಲೆ ನೀನೇನು ಬರೆಯುತ್ತೀಯಪ್ಪ?" ಎಂದು ಕೇಳಿದೆವು. ಕ್ಷಣ ಯೋಚಿಸಿ, "ಮಳೆ ಜಾಸ್ತಿ, ಸಂಬಳ ಕಡಮೆ" ಎಂದ. ಅಲ್ಲಿದ್ದವರೆಲ್ಲ ನಕ್ಕರು. ಗಲ್ಲದ ಮೇಲಿದ್ದ ಮಾಲೀಕರು ಮಾತ್ರ ನಗಲಿಲ್ಲ.

ಓದುಗ ಬಂಧುಗಳೇ, ಇನ್ನೊಂದು ನಕಾಶೆ ನಿಮ್ಮ ಮೊಬೈಲಿಗೂ ಬಂದೇ ಬರುತ್ತದೆ. ಬಂದಾಗ ಮುಂದಕ್ಕೆ ತಳ್ಳುವ ಮೊದಲು ಮೂರು ಮಾತು ಕೇಳಿ. ಇದನ್ನು ಬರೆದವನು ಎಲ್ಲಿ ಕೂತಿದ್ದಾನೆ? ಚೀಟಿ ಹಚ್ಚಿಸಿಕೊಂಡವನ ಮುಂದೆ ಇದನ್ನು ಗಟ್ಟಿಯಾಗಿ ಓದುವ ಧೈರ್ಯ ನನಗಿದೆಯೇ? ಆ ಚೀಟಿಯ ಅಡಿಯಲ್ಲಿ ಯಾರ ಬಾಕಿಯನ್ನು ಮುಚ್ಚಿಟ್ಟಿದ್ದಾರೆ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆಯೂ ನಗು ಬಂದರೆ ಧಾರಾಳವಾಗಿ ನಗಿ. ನಿಮ್ಮ ಊರಿಗೆ ಗಾರೆ ಕೆಲಸಕ್ಕೋ, ಅಡಿಕೆ ಸುಲಿಯುವುದಕ್ಕೋ, ಹೋಟೆಲಿನ ಪಾತ್ರೆ ತೊಳೆಯುವುದಕ್ಕೋ ಬಂದವರು ಇದ್ದೇ ಇರುತ್ತಾರೆ. ಅವರ ಊರಿನ ಹೆಸರು ಕೇಳಿ, ಅವರ ಸಂಬಳ ಕೇಳಿ. ಅವರ ಮಕ್ಕಳು ನಿಮ್ಮ ಶಾಲೆಯಲ್ಲಿ ಹಾಜರಿ ಹೇಳುವಾಗ ಬಾಯಿ ತೆರೆಯುತ್ತಾರೋ ಇಲ್ಲವೋ ಎಂಬುದನ್ನು ಹೋಗಿ ನೋಡಿ.